ಕಮ್ಮಿ ಕೆತ್ತು, ಪುಟ್ಟಿ

ಪುಟ್ಟೀ,

ನಿನ್ನೆ ರಾತ್ರಿ ಊಟ ಆದಮೇಲೆ ಫೋನಿನಲ್ಲಿ ಒಂದರ ಹಿಂದೊಂದು ಚಿತ್ರ ತೋರಿಸಿದೆಯಲ್ಲ. ಕೆಂಪು ಕಣ್ಣಿನ ಮರದ ನರಿ, ಕೊಂಬೆಗಳನ್ನೇ ಕೂದಲು ಮಾಡಿಕೊಂಡ ವನದೇವತೆ, ಬೇರುಗಳ ಮೇಲೆ ನಿಂತ ಮುದುಕ. ‘ಅಜ್ಜಾ, ಜಪಾನಿಂದ ಬಂದಮೇಲೆ ಇಂಥದೇ ಹನ್ನೆರಡು ಕೆತ್ತಿ ಪ್ರದರ್ಶನ ಇಡ್ತೇನೆ, ಶಿಂಟೋ ದೇವರುಗಳ ಮೇಲೆ’ ಅಂದೆ. ನಾನು ಹೂಂ ಅಂದೆ. ನನ್ನ ಹೂಂ ನಿನಗೆ ಗೊತ್ತಿದ್ದದ್ದೇ, ಅದರಲ್ಲಿ ಒಪ್ಪಿಗೆ ಇರುವುದು ಅಪರೂಪ. ಎದುರಿಗೆ ಹೇಳಿದರೆ ನಿನ್ನ ಅಮ್ಮ ನಡುವೆ ಬಾಯಿ ಹಾಕಿ, ‘ಮಗು ಹೊರಟು ನಿಂತಾಗ ನಿಮ್ಮದೊಂದು ಕೊಂಕು’ ಎನ್ನುತ್ತಾಳೆ. ಅದಕ್ಕೇ ಬರೆದು ನಿನ್ನ ಚೀಲಕ್ಕೆ ಹಾಕುತ್ತಿದ್ದೇನೆ. ವಿಮಾನದಲ್ಲಿ ಓದು. ಅಲ್ಲಿ ನೀನು ಎದ್ದು ಹೋಗುವ ಹಾಗಿಲ್ಲ.

ಜಪಾನಿನವರು ದೇವರಿಗೆ ‘ಕಮಿ’ ಅನ್ನುತ್ತಾರೆ. ಹದಿನೈದು ವರ್ಷದ ಹಿಂದೆ ಒಂದು ಕರಕುಶಲ ಮೇಳಕ್ಕೆಂದು ನಮ್ಮ ಕೇರಿಯ ನಾಲ್ಕು ಜನರನ್ನು ಕರೆದೊಯ್ದಿದ್ದರಲ್ಲ, ಆಗ ದುಭಾಷಿ ಹುಡುಗಿ ಮಾತುಮಾತಿಗೆ ‘ಕಮಿ, ಕಮಿ’ ಎಂದಾಗೆಲ್ಲ ನನ್ನ ಕಿವಿಗೆ ನಮ್ಮ ‘ಕಮ್ಮಿ’ಯೇ ಬೀಳುತ್ತಿತ್ತು. ಇವರ ದೇವರಿಗೆ ಏನು ಕಮ್ಮಿಯಾಯಿತು ಅಂತ ಎರಡು ದಿನ ಯೋಚಿಸಿದೆ. ಆಮೇಲೆ ಅವರ ಹಳೆಯ ಮೂರ್ತಿಗಳನ್ನು ಕಣ್ಣಾರೆ ಕಂಡೆ. ನಾನು ತಪ್ಪು ಕೇಳಿಸಿಕೊಂಡದ್ದೇ ಸರಿ ಅನ್ನಿಸಿತು.

ನೀನು ಕೆತ್ತಲು ಹೊರಟಿರುವ ಈ ದೇವರುಗಳಿಗೆ ಬಹಳ ಕಾಲ ಮುಖವೇ ಇರಲಿಲ್ಲ, ಮಾರಾಯ್ತಿ. ಕಮಿ ಕಣ್ಣಿಗೆ ಕಾಣುವುದಿಲ್ಲ. ಕರೆದಾಗ ಬಂದು ಒಂದು ಕಡೆ ನೆಲೆಸುತ್ತದೆ, ಅಷ್ಟೆ. ನೆಲೆಸಲು ಒಂದು ಕನ್ನಡಿ ಸಾಕು, ಒಂದು ಕತ್ತಿ ಸಾಕು, ಒಂದು ಬಂಡೆ, ಒಂದು ಮರ. ನಾರಾ ಹತ್ತಿರ ಓಮಿವಾ ಅಂತ ಬಹಳ ಹಳೆಯ ದೇವಸ್ಥಾನ ಇದೆ. ಪ್ರಾರ್ಥನೆಗೆ ಮಂಟಪ ಇದೆ, ಗರ್ಭಗುಡಿ ಇಲ್ಲ. ಹಿಂದೆ ನಿಂತಿರುವ ಮಿವಾ ಬೆಟ್ಟವೇ ದೇವರು, ಕೈ ಮುಗಿಯುವುದು ಬೆಟ್ಟಕ್ಕೆ. 18ನೇ ಶತಮಾನದ ಪಂಡಿತ ಮೊತೊಓರಿ ನೊರಿನಾಗ ಕಮಿ ಅಂದರೆ ಏನು ಎಂದು ವಿವರಿಸುವಾಗ ಹಕ್ಕಿ, ಮೃಗ, ಗಿಡ, ಮರ, ಕಡಲು, ಬೆಟ್ಟ ಎಲ್ಲವನ್ನೂ ಸೇರಿಸಿಬಿಟ್ಟ. ಯಾವುದರ ಮುಂದೆ ನಿಂತರೆ ಮೈ ಜುಮ್ಮೆನ್ನುತ್ತದೋ ಅದೆಲ್ಲ ಕಮಿ ಎಂಬ ಅರ್ಥದಲ್ಲಿ. ಹಳೆಯ ಮರದ ಬೊಡ್ಡೆಗೆ ಹುಲ್ಲಿನ ದಪ್ಪ ಹಗ್ಗ ಸುತ್ತಿ, ಅಂಕುಡೊಂಕಾಗಿ ಮಡಿಸಿದ ಬಿಳಿ ಕಾಗದ ಇಳಿಬಿಟ್ಟಿರುತ್ತಾರೆ. ಹಗ್ಗಕ್ಕೆ ಶಿಮೆನಾವಾ ಎಂದು ಹೆಸರು. ಹಗ್ಗ ಸುತ್ತಿದ ಮೇಲೆ ಮುಗಿಯಿತು. ಮೂಗು ಬರೆಯುವುದಿಲ್ಲ, ಬೆಳ್ಳಿ ಕಣ್ಣು ಅಂಟಿಸುವುದಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಅವರ ಭಾಷೆಯಲ್ಲಿ ಎಣಿಸುವಾಗ ವಸ್ತುವಿಗೆ ತಕ್ಕಂತೆ ಮಾತು ಬದಲಾಗುತ್ತದೆ, ನಾವು ಆಳಿಗೆ ‘ಜನ’ ಎಂದೂ ಎಲೆಗೆ ‘ಕವಳೆ’ ಎಂದೂ ಎಣಿಸುವ ಹಾಗೆ. ದೇವರನ್ನು ಎಣಿಸುವುದು ‘ಹಶಿರಾ’ ಎಂದು. ಹಶಿರಾ ಅಂದರೆ ಕಂಬ. ಒಂದು ಕಂಬ ದೇವರು, ಎರಡು ಕಂಬ ದೇವರು! ನಮ್ಮಲ್ಲಿ ನರಸಿಂಹ ಹೊರಬರಬೇಕಾದರೆ ಕಂಬ ಒಡೆಯಬೇಕಾಯಿತು. ಅಲ್ಲಿ ಕಂಬವೇ ಕೂತ ಜಾಗ. ಇಸೆಯ ಮಹಾದೇವಾಲಯದಲ್ಲಿ ನೆಲಹಾಸಿನ ಅಡಿ ಯಾರ ಕಣ್ಣಿಗೂ ಬೀಳದ ಒಂದು ನಡುಗಂಬ ಇದೆಯಂತೆ. ನಾನು ಬೇಲಿಯ ಹೊರಗೆ ನಿಂತು ಬಂದವನು.

ಮರ ಎಲ್ಲಿಂದ ಬಂತು ಅನ್ನುವುದಕ್ಕೂ ಅವರಲ್ಲಿ ಕತೆ ಉಂಟು. 720ರಲ್ಲಿ ಬರೆದು ಮುಗಿಸಿದ ನಿಹೋನ್ ಶೋಕಿ ಎಂಬ ಗ್ರಂಥದಲ್ಲಿದೆ. ಸುಸಾನೊವೊ ಎಂಬ ಮುಂಗೋಪಿ ದೇವರು ತನ್ನ ಗಡ್ಡದ ಕೂದಲು ಕಿತ್ತು ಎಸೆದ, ಸುಗಿ ಮರವಾಯಿತು. ಎದೆಯ ಕೂದಲು ಹಿನೋಕಿ ಆಯಿತು. ಹುಬ್ಬಿನ ಕೂದಲು ಕರ್ಪೂರದ ಮರ. ಕುಂಡೆಯ ಕೂದಲು ಮಾಕಿ ಎಂಬ ಮರ (ನಗಬೇಡ, ಹಾಗೇ ಇದೆ). ಅಷ್ಟಕ್ಕೆ ಬಿಡಲಿಲ್ಲ ಪುಣ್ಯಾತ್ಮ. ಸುಗಿ ಮತ್ತು ಕರ್ಪೂರ ದೋಣಿಗೆ, ಹಿನೋಕಿ ಅರಮನೆಗೆ, ಮಾಕಿ ಹೆಣದ ಪೆಟ್ಟಿಗೆಗೆ ಅಂತ ಯಾವ ಮರ ಯಾವ ಕೆಲಸಕ್ಕೆ ಎಂದೂ ಹೇಳಿಯೇ ಹೋದ. ಶಿವನ ಕಣ್ಣೀರು ರುದ್ರಾಕ್ಷಿಯಾದ ಕತೆ ಕೇಳಿ ಬೆಳೆದ ನಿನಗೆ ಇದು ವಿಚಿತ್ರ ಅನಿಸಲಿಕ್ಕಿಲ್ಲ. ಆದರೆ ದೇವರೇ ಬಡಗಿಯ ಹಾಗೆ ಮರ ವಿಂಗಡಿಸಿದ್ದು ನಾನಂತೂ ಬೇರೆಲ್ಲೂ ಕೇಳಿಲ್ಲ. ಅಲ್ಲಿ ನಿನಗೆ ಮರದ ತುಂಡು ಕೊಟ್ಟಾಗ ಮೊದಲು ಕೇಳಬೇಕಾದ್ದು ಇದನ್ನೇ: ಇದು ಯಾವ ಮರ, ಯಾವ ಕೆಲಸಕ್ಕೆ ಬಂದದ್ದು?

ಹಾಗಾದರೆ ಮುಖ ಯಾವಾಗ ಬಂತು? ಬುದ್ಧ ಬಂದಮೇಲೆ. ಬೌದ್ಧ ವಿಹಾರಗಳಲ್ಲಿ ಚಿನ್ನದ ಬಣ್ಣದ ಮೂರ್ತಿಗಳು ಎದ್ದು ಕೂತಾಗ, ಪಕ್ಕದಲ್ಲಿದ್ದ ಊರದೇವರಿಗೂ ಒಂದು ಮೈ ಬೇಕು ಅನ್ನಿಸಿರಬೇಕು. ತಾದೊ ಎಂಬಲ್ಲಿಯ ದಾಖಲೆ ಹೇಳುವ ಪ್ರಕಾರ 763ರಲ್ಲಿ ಅಲ್ಲಿನ ಕಮಿ ಒಬ್ಬರ ಮೈಮೇಲೆ ಬಂದು, ನನಗೆ ಈ ದೇವರ ಜನ್ಮ ಸಾಕಾಗಿದೆ, ಬುದ್ಧನಿಗೆ ಶರಣಾಗುತ್ತೇನೆ ಎಂದಿತಂತೆ. ಮಂಗನ್ ಎಂಬ ಭಿಕ್ಷು ಒಂದು ಸಣ್ಣ ಗುಡಿ ಕಟ್ಟಿ ಆ ಕಮಿಗೆ ಮೂರ್ತಿ ಮಾಡಿಸಿದ. ದೇವರಿಗೇ ದೇವರಾಗಿರುವುದು ಬೇಸರವಾದದ್ದು ನೋಡು! ಆ ಮೂರ್ತಿ ಈಗಿಲ್ಲ. ಆದರೆ ಮುಂದಿನ ನೂರು ವರ್ಷದಲ್ಲಿ ಮಾಡಿದವು ಉಳಿದಿವೆ, ಮತ್ತು ನೀನು ನೋಡಲೇಬೇಕಾದ್ದು ಅವನ್ನು.

ಕ್ಯೋಟೋದ ಪಶ್ಚಿಮದ ಅಂಚಿನಲ್ಲಿ ಮತ್ಸುನೊಓ ದೇವಾಲಯ ಇದೆ. ಸಾಕೆ ಎಂಬ ಅಕ್ಕಿಯ ಹೆಂಡ ಮಾಡುವವರು ನಡೆದುಕೊಳ್ಳುವ ದೇವರು. ಪೀಪಾಯಿಗಳನ್ನು ಸಾಲಾಗಿ ಪೇರಿಸಿಟ್ಟಿರುತ್ತಾರೆ. ಅಲ್ಲಿನ ಸಂಗ್ರಹದಲ್ಲಿ 9ನೇ ಶತಮಾನದ ಮೂರು ಮೂರ್ತಿಗಳಿವೆ. ಒಬ್ಬ ಮುದುಕ, ಒಬ್ಬ ಯುವಕ, ಒಬ್ಬ ಹೆಂಗಸು. ಅವುಗಳ ಮುಂದೆ ನಿಂತಾಗ ನಿನ್ನ ಅಜ್ಜ ಬೆವರಿದ ಅಂದರೆ ನಂಬು. ಅಂಥದೇನಿದೆ? ಏನೂ ಇಲ್ಲ. ಕೈಗಳು ತೋಳಿನೊಳಗೆ ಸೇರಿಕೊಂಡಿವೆ, ಬೆರಳು ಕೆತ್ತುವ ಗೋಜಿಲ್ಲ. ಮೈಯೆಲ್ಲ ಒಂದೇ ಗುಡ್ಡೆ. ಆಸ್ಥಾನದವರ ಉಡುಗೆ, ಅದರ ನೆರಿಗೆಗಳೂ ನಾಲ್ಕಾರೇ. ಮುಖ ಮಾತ್ರ ಬಿಗಿದುಕೊಂಡು, ನಮ್ಮನ್ನು ಮಾತಾಡಿಸುವ ಇಚ್ಛೆಯೇ ಇಲ್ಲದ ಹಾಗೆ. ಬುದ್ಧನ ಮೂರ್ತಿ ನಿನ್ನನ್ನು ನೋಡಿ ಅಭಯ ಕೊಡುತ್ತದೆ. ಇವು ಕೂತಿವೆ, ಅಷ್ಟೇ. ಮರ ಕಡಿದಮೇಲೂ ಬೊಡ್ಡೆ ನೆಲದಲ್ಲಿ ಕೂತಿರುತ್ತದಲ್ಲ, ಹಾಗೆ.

ನಾವು ಗುಡಿಗಾರರು ಖಾಲಿ ಜಾಗ ಕಂಡರೆ ಬಳ್ಳಿ ಬಿಡಿಸುವ ಜನ. ಗಂಧದ ಪೆಟ್ಟಿಗೆಯ ಮುಚ್ಚಳದ ಮೇಲೆ ಬೆರಳಗಲ ಬಿಟ್ಟರೂ ‘ಏನೋ ಸೋಮಾರಿ, ಇಲ್ಲೊಂದು ಗಿಳಿ ಕೂರಿಸಲಿಕ್ಕಾಗಲಿಲ್ವಾ’ ಎಂದು ನನ್ನ ಅಪ್ಪ ಗದರುತ್ತಿದ್ದರು. ಅದು ನಮ್ಮ ವಿದ್ಯೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಆ ವಿದ್ಯೆಯನ್ನೇ ಹೊತ್ತುಕೊಂಡು ಹೋಗಿ ಶಿಂಟೋ ದೇವರನ್ನು ಕೆತ್ತಿದರೆ ಅದು ಕಿಮೊನೊ ಉಟ್ಟ ನಮ್ಮ ಮದನಿಕೆ ಆಗುತ್ತದೆ. ನೀನು ತೋರಿಸಿದ ವನದೇವತೆಯ ಕೂದಲಲ್ಲಿ ಎಷ್ಟು ಎಲೆ ಇತ್ತು, ಎಣಿಸಿದೆಯಾ?

ಆ ಹಳೆಯ ಕಮಿ ಮೂರ್ತಿಗಳನ್ನು ಯಾರಿಗೂ ತೋರಿಸಲೆಂದು ಮಾಡಿದ್ದಲ್ಲ. ಒಳಗೋಣೆಯ ಕತ್ತಲಲ್ಲಿ ಇಟ್ಟು ಬಾಗಿಲು ಹಾಕಿದರೆ ಮುಗಿಯಿತು. ಎಷ್ಟೋ ಕಡೆ ಪೂಜಾರಿಯೂ ನೋಡುವ ಹಾಗಿಲ್ಲ. ನೀನು ಉಳಿ ಇಟ್ಟ ಕ್ಷಣದಿಂದ ಫೋನು ಎದುರಿಟ್ಟುಕೊಳ್ಳುವವಳು. ತಪ್ಪೆನ್ನುವುದಿಲ್ಲ, ಈಗಿನ ಹೊಟ್ಟೆಪಾಡು ಹಾಗಿದೆ. ಆದರೂ ಅಲ್ಲಿದ್ದಾಗ ಒಂದೇ ಒಂದು ತುಂಡನ್ನು ಯಾರಿಗೂ ತೋರಿಸದೆ ಕೆತ್ತು. ನಿನ್ನ ಕೈ ಆಗ ಯಾವ ಕಡೆ ಹೋಗುತ್ತದೆ ಎಂದು ನಿನಗೇ ತಿಳಿಯುತ್ತದೆ.

ನನ್ನ ಮಾತಿಗೆ ಅಪವಾದ ನಾನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅಲ್ಲಿಂದ ಫೋನು ಮಾಡಿ ಜಗಳ ತೆಗೆಯುತ್ತೀ. ನಾರಾದ ತೋದೈಜಿ ವಿಹಾರದಲ್ಲಿ ಹಚಿಮನ್ ದೇವರ ಮೂರ್ತಿ ಇದೆ, 1201ರಲ್ಲಿ ಕೈಕೆಯಿ ಎಂಬ ಮಹಾಶಿಲ್ಪಿ ಮಾಡಿದ್ದು. ದೇವರನ್ನು ತಲೆ ಬೋಳಿಸಿದ ಭಿಕ್ಷುವಾಗಿ ಕೂರಿಸಿದ್ದಾನೆ. ಬಣ್ಣ ಬಳಿದ ಮೂರ್ತಿ, ಜೀವಂತ ಮನುಷ್ಯ ಕೂತ ಹಾಗೆ. ಅದರಲ್ಲಿ ಯಾವುದೂ ಕಮ್ಮಿ ಇಲ್ಲ. 800 ವರ್ಷ ದಾಟಿದರೂ ಬಣ್ಣ ತಾಜಾ ಆಗಿರುವುದು ಬಾಗಿಲು ಮುಚ್ಚಿಟ್ಟಿದ್ದರಿಂದ. ವರ್ಷಕ್ಕೆ ಒಂದೇ ದಿನ, ಅಕ್ಟೋಬರ್ 5ರಂದು, ಜನರಿಗೆ ತೋರಿಸುತ್ತಾರೆ. ನೀನು ಆಗ ಅಲ್ಲಿರುತ್ತೀ. ತಪ್ಪಿಸಿಕೊಂಡರೆ ನನ್ನ ಮುಖಕ್ಕೆ ಮುಖ ಕೊಡಬೇಡ.

ಮರದೊಳಗೆ ಮೂರ್ತಿ ಮೊದಲೇ ಅಡಗಿರುತ್ತದೆ, ಶಿಲ್ಪಿ ಬೇಡದ್ದನ್ನು ತೆಗೆದು ಅದನ್ನು ಹೊರಗೆ ತರುತ್ತಾನೆ: ಈ ಮಾತನ್ನು ನೀನು ಕಾಲೇಜಿನಲ್ಲಿ ಕೇಳಿರುತ್ತೀ, ಪ್ರದರ್ಶನದ ಕರಪತ್ರದಲ್ಲಿ ಬರೆಯುವ ಮನಸ್ಸೂ ಇರುತ್ತದೆ. ಬರೆಯಬೇಡ. ಜಪಾನಿನ ಕಾದಂಬರಿಕಾರ ನತ್ಸುಮೆ ಸೊಸೆಕಿ 1908ರಲ್ಲಿ ಹತ್ತು ಕನಸುಗಳ ಕತೆ ಬರೆದ. ಆರನೆಯ ಕನಸಿನಲ್ಲಿ ಹಳೆಯ ಕಾಲದ ಶಿಲ್ಪಿ ಉಂಕೆಯಿ ಒಂದು ದೇವಾಲಯದ ದ್ವಾರಪಾಲಕರನ್ನು ಕೆತ್ತುತ್ತಿರುತ್ತಾನೆ. ನೋಡುತ್ತ ನಿಂತವನೊಬ್ಬ ಇದೇ ಮಾತು ಹೇಳುತ್ತಾನೆ. ಕೇಳಿದವನು ಇಷ್ಟೇ ತಾನೇ ಎಂದು ಮನೆಗೆ ಓಡಿ, ಸೌದೆಗಿಟ್ಟಿದ್ದ ಮರಗಳನ್ನು ಒಂದೊಂದಾಗಿ ಕೆತ್ತಿ ನೋಡುತ್ತಾನೆ. ಯಾವುದರಲ್ಲೂ ದ್ವಾರಪಾಲಕ ಸಿಕ್ಕುವುದಿಲ್ಲ. ಈ ಕಾಲದ ಮರಗಳಲ್ಲಿ ಅವರು ಇಲ್ಲ ಎಂದುಕೊಂಡು ಸುಮ್ಮನಾಗುತ್ತಾನೆ.

ಕತೆ ಚೆನ್ನ. ಆದರೆ ಕಸುಬಿನವರು ಅದೇ ತೋದೈಜಿಯ ದಕ್ಷಿಣ ಮಹಾದ್ವಾರಕ್ಕೆ ಹೋಗಬೇಕು. ಉಂಕೆಯಿ, ಕೈಕೆಯಿ ಮತ್ತು ಅವರ ಕೂಟದವರು 1203ರಲ್ಲಿ ಮಾಡಿದ ದ್ವಾರಪಾಲಕರು ಈಗಲೂ ಅಲ್ಲಿ ನಿಂತಿದ್ದಾರೆ. ಎಂಟು ಮೀಟರಿಗಿಂತ ಎತ್ತರ, ಮಾಡಿ ಮುಗಿಸಿದ್ದು 69 ದಿನಗಳಲ್ಲಿ. ಬಿಚ್ಚಿ ದುರಸ್ತಿ ಮಾಡಿದಾಗ ಕಂಡದ್ದು, ಒಂದೊಂದೂ ಸುಮಾರು 3000 ತುಂಡುಗಳನ್ನು ಕೂಡಿಸಿದ್ದು! ಯಾವ ಮರದೊಳಗೂ ಅವರು ಅಡಗಿ ಕೂತಿರಲಿಲ್ಲ, ಪುಟ್ಟಿ. ಅಳತೆ ಇತ್ತು, ಕೂಡುಕಟ್ಟು ಇತ್ತು, ಹತ್ತಾರು ಜನರ ಕೈ ಇತ್ತು. ಒಂದೇ ಬೊಡ್ಡೆಯಲ್ಲಿ ಕೆತ್ತುವುದಕ್ಕೆ ಒಂದು ಹೆಸರು, ಇಚಿಬೊಕು. ತುಂಡು ಕೂಡಿಸುವುದಕ್ಕೆ ಇನ್ನೊಂದು, ಯೊಸೆಗಿ. ಎರಡೂ ಕಲಿ. ಯಾವುದನ್ನೂ ಮಂತ್ರ ಮಾಡಿಕೊಳ್ಳಬೇಡ.

ಮರ ಹೇಳಿದ್ದನ್ನು ನಿಜಕ್ಕೂ ಕೇಳಿದವನು ಬೇಕೆಂದರೆ ಎಂಕು ಇದ್ದಾನೆ. 1632ರಲ್ಲಿ ಮಿನೊ ಸೀಮೆಯಲ್ಲಿ ಹುಟ್ಟಿ 1695ರಲ್ಲಿ ತೀರಿಕೊಂಡ ಅಲೆಮಾರಿ ಭಿಕ್ಷು. ಒಂದು ಲಕ್ಷ ಇಪ್ಪತ್ತು ಸಾವಿರ ಮೂರ್ತಿ ಕೆತ್ತುತ್ತೇನೆಂದು ಹರಕೆ ಹೊತ್ತವನು. ಈಗಲೂ ಐದು ಸಾವಿರದ ಮೇಲೆ ಸಿಕ್ಕಿವೆ. ಬುದ್ಧ, ಕಮಿ ಎಂಬ ಭೇದ ಅವನಿಗಿರಲಿಲ್ಲ. ಕೊಡಲಿಯಿಂದ ಬೊಡ್ಡೆಯನ್ನು ಸೀಳುವನು, ಸೀಳಿದಾಗ ಎಳೆ ಹೇಗೆ ಓಡಿದೆಯೋ ಹಾಗೆ ಮೈ, ನಾಲ್ಕು ಗೀರು ಹಾಕಿದರೆ ಕಣ್ಣು ಬಾಯಿ. ಉಜ್ಜುವುದಿಲ್ಲ, ಬಣ್ಣವಿಲ್ಲ. ತಕಾಯಾಮಾ ಕಡೆಯ ಸೆಂಕೋಜಿ ದೇವಾಲಯದಲ್ಲಿ ನೆಲದಲ್ಲಿ ನಿಂತ ಮರಕ್ಕೇ ಏಣಿ ಹಾಕಿ ದ್ವಾರಪಾಲಕರನ್ನು ಕೆತ್ತಿದ. 1790ರಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಅವನು ಏಣಿಯ ಮೇಲೆ ನಿಂತ ಚಿತ್ರವೇ ಇದೆ. ನಗೋಯಾದ ಅರಾಕೊ ದೇವಾಲಯದಲ್ಲಿ ಅವನ ಸಾವಿರದ ಇನ್ನೂರಕ್ಕೂ ಹೆಚ್ಚು ಮೂರ್ತಿಗಳಿವೆ. ಬಾಗಿಲಿನ ದೊಡ್ಡ ಮೂರ್ತಿಗಳನ್ನು ಕೆತ್ತಿ ಉಳಿದ ಚೂರುಗಳಲ್ಲೇ ಚಿಕ್ಕವನ್ನು ಮಾಡಿದ ಎನ್ನುತ್ತಾರೆ. ಅವುಗಳಲ್ಲಿ ಸಾವಿರ ಪುಟಾಣಿ ಮೂರ್ತಿಗಳು ಒಂದು ಪೆಟ್ಟಿಗೆಯಲ್ಲಿ ಮುಚ್ಚಿಕೊಂಡಿದ್ದು 1972ರಲ್ಲಿ ಹೊರಬಂದವು. ನಮ್ಮ ಕೊಟ್ಟಿಗೆಯಲ್ಲಿ ಸಂಜೆಯ ಹೊತ್ತು ನೀನು ಗುಡಿಸಿ ಒಲೆಗೆ ಹಾಕುವ ಚೂರುಗಳು ಅಷ್ಟು ದೊಡ್ಡವೇ ಇರುತ್ತವೆ.

ಆದರೆ ಅವನದು ಸುಲಭ ಎಂದುಕೊಂಡು ಒರಟಾಗಿ ಕೆತ್ತಿ ‘ಎಂಕು ಶೈಲಿ’ ಎನ್ನಬೇಡ. ಸಾವಿರ ಬೊಡ್ಡೆ ಸೀಳಿದವನಿಗೆ ಆ ನಾಲ್ಕು ಗೀರು ದಕ್ಕಿದ್ದು.

ನನ್ನ ಅವಮಾನದ ಒಂದು ಕತೆ ನಿನಗೆ ಹೇಳಿಲ್ಲ. ಇಪ್ಪತ್ತೆರಡನೆಯ ವಯಸ್ಸು, ಮೊದಲ ದೊಡ್ಡ ಕೆಲಸ, ಮೂರಡಿ ಗಣಪತಿ. ಹಬ್ಬದೊಳಗೆ ಬೇಕೆಂದರು. ಹಸಿ ಮರ ಎಂದು ಗೊತ್ತಿದ್ದೂ, ತಿರುಳು ನಡುವಿಗೇ ಬರುವ ಹಾಗೆ ಇಡೀ ಬೊಡ್ಡೆಯನ್ನು ತೆಗೆದುಕೊಂಡು ಕೆತ್ತಿ ಕೊಟ್ಟೆ. ಹೊಗಳಿದರು, ಶಾಲು ಹೊದಿಸಿದರು. ಎರಡು ತಿಂಗಳಿಗೆ ಎತ್ತಿನ ಗಾಡಿಯಲ್ಲಿ ದೇವರು ವಾಪಸು ಬಂದ. ಎದೆಯಿಂದ ಹೊಟ್ಟೆಯವರೆಗೆ ಬೆರಳು ತೂರುವಷ್ಟು ಸೀಳು. ಯಾರೂ ಬೈಯಲಿಲ್ಲ, ಅದೇ ಕಷ್ಟವಾದದ್ದು. ಮರ ಒಣಗುವಾಗ ಹೊರಮೈ ಕುಗ್ಗುತ್ತದೆ, ನಡುವಿನದು ಅಷ್ಟು ಕುಗ್ಗುವುದಿಲ್ಲ. ಜಗಳ ಹತ್ತಿ ಬಿರಿಯುತ್ತದೆ. ಜಪಾನಿನವರು ಸಾವಿರ ವರ್ಷದ ಹಿಂದೆಯೇ ಮೂರ್ತಿಯ ಬೆನ್ನಿನಿಂದ ಒಳಗೆಲ್ಲ ಟೊಳ್ಳು ತೆಗೆದು ಈ ಜಗಳ ಬಿಡಿಸಿದ್ದರು. ಅದನ್ನು ಮೊದಲ ವಾರದಲ್ಲೇ ಕೇಳಿ ಕಲಿತುಕೋ. ಹಾಗಿದ್ದೂ ಹಳೆಯ ಸಣ್ಣ ಕಮಿ ಮೂರ್ತಿಗಳಲ್ಲಿ ಎಷ್ಟೋ ಬಿರಿದಿವೆ. ಅವರು ಅದನ್ನು ಮೆತ್ತಿ ಮುಚ್ಚದೆ ಹಾಗೇ ಬಿಟ್ಟದ್ದನ್ನು ಕಂಡೆ. ಸಾವಿರ ವರ್ಷ ತಾಳಿದ ಬಿರುಕಿಗೂ ಎರಡು ತಿಂಗಳಿನ ನನ್ನ ಬಿರುಕಿಗೂ ವ್ಯತ್ಯಾಸ ಇದೆ, ನೆಪ ಮಾಡಿಕೊಳ್ಳಬೇಡ.

ಇನ್ನು ನಿನ್ನ ನರಿ. ಅದು ಇನಾರಿ ದೇವರಲ್ಲ, ಅದರ ದೂತ. ಇನಾರಿ ಅನ್ನದ ದೇವರು, ಭತ್ತದ ದೇವರು. ಫುಶಿಮಿಯ ಇನಾರಿ ದೇವಾಲಯದಲ್ಲಿ ನೋಡು, ಒಂದು ನರಿಯ ಬಾಯಲ್ಲಿ ಕೀಲಿಕೈ ಇರುತ್ತದೆ, ಕಣಜದ್ದು. ಇನ್ನೊಂದರ ಬಾಯಲ್ಲಿ ತೆನೆ. ನೀನು ನರಿ ಕೆತ್ತಿ ಕೆಳಗೆ ‘ಇನಾರಿ’ ಎಂದು ಬರೆದರೆ, ಇಲಿ ಕೆತ್ತಿ ಗಣಪತಿ ಎಂದ ಹಾಗೆ. ನಮ್ಮ ಸರಸ್ವತಿಯನ್ನು ಕೆತ್ತುವುದಿದ್ದರೆ ಅಲ್ಲಿ ಅವಳೂ ಇದ್ದಾಳೆ, ಬೆಂಜೈತೆನ್ ಎಂಬ ಹೆಸರಲ್ಲಿ. ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ ಹಿಡಿದು, ನೀರಿನ ದಂಡೆಗಳಲ್ಲಿ, ದ್ವೀಪಗಳಲ್ಲಿ. ಬುದ್ಧನ ಬೆನ್ನಿಗೆ ಹೋಗಿ ಕಮಿಗಳ ನಡುವೆ ಬೆರೆತುಹೋದವಳು. 1868ರಲ್ಲಿ ಸರ್ಕಾರ ಬುದ್ಧನನ್ನೂ ಕಮಿಯನ್ನೂ ಬೇರೆಬೇರೆ ಮಾಡಬೇಕೆಂದು ಹುಕುಂ ಹೊರಡಿಸಿದಾಗ ಇತ್ಸುಕುಶಿಮಾ ದೇವಾಲಯದಿಂದ ಅವಳನ್ನು ಪಕ್ಕದ ವಿಹಾರಕ್ಕೆ ಸಾಗಿಸಿದರು. ಆ ಗದ್ದಲದಲ್ಲಿ ಎಷ್ಟೋ ಮರದ ಮೂರ್ತಿಗಳು ಬೆಂಕಿಗೆ ಹೋದವು. ಸಾವಿರ ವರ್ಷ ಒಂದೇ ಸೂರಿನಡಿ ಇದ್ದವರನ್ನು ಕಾಗದದ ಮೇಲೆ ಪಾಲು ಮಾಡುವುದು ಎಲ್ಲ ಕಾಲದ ಅಧಿಕಾರಿಗಳಿಗೂ ಇಷ್ಟದ ಕೆಲಸ.

ಪ್ರಕೃತಿಯ ಮೇಲಿನ ಭಕ್ತಿ ಅಂತ ನೀನು ನಿನ್ನೆ ನಾಲ್ಕು ಸಲ ಅಂದೆ. ಆ ಭಕ್ತಿ ಮೂರ್ತಿಯ ಕೂದಲಿನ ಎಲೆಯಲ್ಲಿಲ್ಲ. ಅದನ್ನು ನೋಡಬೇಕಾದರೆ ಮರ ಕಡಿಯುವ ಕಡೆ ಹೋಗಬೇಕು. ಇಸೆಯ ದೇವಾಲಯವನ್ನು 20 ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟುತ್ತಾರೆ. ಮೊದಲ ಸಲ 690ರಲ್ಲಿ, ಕಳೆದ ಸಲ 2013ರಲ್ಲಿ, ಮುಂದಿನದು 2033ಕ್ಕೆ. ಹತ್ತು ಸಾವಿರದಷ್ಟು ಹಿನೋಕಿ ಮರ ಬೇಕು. ಮೊದಲ ಮರ ಕಡಿಯುವ ಶಾಸ್ತ್ರ 2025ರ ಜೂನ್‌ನಲ್ಲಿ ಕಿಸೊ ಕಾಡಿನಲ್ಲಿ ನಡೆಯಿತು. ಗರಗಸ ಮುಟ್ಟಿಸುವುದಿಲ್ಲ. ಮೂರು ಕಡೆಯಿಂದ ಕೊಡಲಿ ಹಾಕುತ್ತಾರೆ, ಕೊನೆಯಲ್ಲಿ ಮರ ಮೂರು ಕಾಲಿನ ಮೇಲೆ ನಿಂತಿರುತ್ತದೆ. ಕೆಡಹುವ ಮುನ್ನ ಕೂಗುವ ಕೂಗಿನಲ್ಲಿ ಮರ ‘ಮಲಗುತ್ತದೆ’ ಎಂಬ ಮಾತಿದೆ, ‘ಬೀಳುತ್ತದೆ’ ಎಂದಿಲ್ಲ. ಮಲಗಿದ ಮೇಲೆ ಅದರದೇ ತುದಿಯ ಕೊಂಬೆಯನ್ನು ತಂದು ಬೊಡ್ಡೆಯ ಮೇಲೆ ನೆಟ್ಟು ಬೆಟ್ಟದ ದೇವರಿಗೆ ಕೈ ಮುಗಿಯುತ್ತಾರೆ. ಇಳಿಸಿದ ಹಳೆಯ ಗುಡಿಯ ಕಂಬಗಳನ್ನೂ ಸುಡುವುದಿಲ್ಲ. ಮುಖ್ಯ ಕಂಬಗಳು ಉಜಿ ಸೇತುವೆಯ ಬಳಿ ತೋರಣಗಂಬವಾಗಿ ಇನ್ನೂ 20 ವರ್ಷ ನಿಲ್ಲುತ್ತವೆ. 1923ರಲ್ಲಿ ಸ್ವಂತ ಕಾಡು ಬೆಳೆಸಲು ಯೋಜನೆ ಹಾಕಿದರು, 200 ವರ್ಷದ ಲೆಕ್ಕ. 2013ರ ಹೊತ್ತಿಗೆ ಐದನೇ ಒಂದು ಪಾಲಿಗಿಂತ ಹೆಚ್ಚು ಮರ ಆ ಕಾಡಿನಿಂದಲೇ ಸಿಕ್ಕಿತು. ಗಿಡ ನೆಟ್ಟವರಲ್ಲಿ ಒಬ್ಬರೂ ಅದನ್ನು ನೋಡಲು ಬದುಕಿರಲಿಕ್ಕಿಲ್ಲ.

ಹೊರ್ಯುಜಿ ದೇವಾಲಯದ ಬಡಗಿ ನಿಶಿಓಕಾ ತ್ಸುನೆಕಝು (1908–1995) ಕಲಿಸುತ್ತಿದ್ದದ್ದೂ ಇದೇ ಬಗೆಯದು. ಬೆಟ್ಟದ ತೆಂಕಣ ಮಗ್ಗುಲಿನ ಮರವನ್ನು ಕಟ್ಟಡದ ತೆಂಕಣಕ್ಕೇ ಬಳಸು; ಸಾವಿರ ವರ್ಷ ಬೆಳೆದ ಮರ ಕಟ್ಟಡದಲ್ಲೂ ಸಾವಿರ ವರ್ಷ ಬಾಳಬೇಕು, ಇಲ್ಲದಿದ್ದರೆ ಕಡಿದವನ ಕಸುಬು ಕಸುಬಲ್ಲ. ಶಿಲ್ಪಿ ಹಿರಕುಶಿ ದೆಂಚು ನೂರರ ಹತ್ತಿರ ಬಂದಾಗ ಇನ್ನೂ ಮೂವತ್ತು ವರ್ಷದ ಕೆಲಸಕ್ಕಾಗುವಷ್ಟು ಕರ್ಪೂರದ ಮರ ಕೊಂಡು ಒಣಗಲು ಇಟ್ಟ. 1979ರಲ್ಲಿ 107ನೇ ವಯಸ್ಸಿನಲ್ಲಿ ಹೋದ. ತೋಕಿಯೋದ ಕೊದೈರಾದಲ್ಲಿ ಅವನ ಮನೆಯಂಗಳದಲ್ಲಿ ಒಂದು ಭಾರೀ ಬೊಡ್ಡೆ ಇನ್ನೂ ಬಿದ್ದಿದೆ. ನನಗೆ ಎಪ್ಪತ್ತೆಂಟು. ಹೋದ ತಿಂಗಳು ಎರಡು ಶಿವನಿ ತುಂಡು ತಂದು ಅಟ್ಟದ ಮೇಲೆ ಹಾಕಿಸಿದ್ದಕ್ಕೆ ನಿನ್ನ ಅಮ್ಮ ನಕ್ಕಳು. ಈ ಪುಟ ಅವಳಿಗೂ ತೋರಿಸು.

ಕೊನೆಗೆ ಕೆಲವು ಚಿಲ್ಲರೆ ಮಾತು. ಅಲ್ಲಿನ ಗುರುವಿಗೆ ಉಡುಗೊರೆ ಎಂದು ಗಂಧದ ಕೊರಡು ಒಯ್ಯುವ ಯೋಚನೆ ಬಿಡು, ಕಾನೂನು ಒಪ್ಪುವುದಿಲ್ಲ. ಗಂಧ ಅಲ್ಲಿಗೆ ಹಳೆಯ ನೆಂಟು ಅನ್ನುವುದು ಮಾತ್ರ ಗೊತ್ತಿರಲಿ. ಹೊರ್ಯುಜಿಯಲ್ಲಿ ಕನ್ನೊನ್ ಎಂಬ ಬೌದ್ಧ ದೇವತೆಯ ಒಂಬತ್ತು ಮುಖದ ಮೂರ್ತಿ ಇದೆ, ಮೊಳಕ್ಕಿಂತ ಚಿಕ್ಕದು, ಗಂಧದಲ್ಲಿ ಕೆತ್ತಿದ್ದು, 719ರಲ್ಲಿ ಚೀನಾದಿಂದ ಬಂದದ್ದು. ಜಪಾನಿನಲ್ಲಿ ಗಂಧ ಬೆಳೆಯುವುದಿಲ್ಲ. ಅದಕ್ಕೆ ಬದಲಾಗಿ ಅವರು ಕಯಾ ಎಂಬ ನುಣುಪು ಎಳೆಯ ಮರ ಹಿಡಿದರು, ಬಣ್ಣ ಬಳಿಯದೆ ಮರವನ್ನೇ ಕಾಣಬಿಡುವುದನ್ನು ಅದರಲ್ಲಿ ಕಲಿತರು. ಒಂದು ಕಯಾ ತುಂಡು ಸಿಕ್ಕರೆ ಕೇಳಿ ತೆಗೆದುಕೋ, ಅಂಗೈಯಷ್ಟು ಸಾಕು, ನನಗೆ ಮೂಸಿ ನೋಡಬೇಕು.

ಉಳಿಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಡ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ದೊಡ್ಡ ಪೆಟ್ಟಿಗೆಯ ತಳದಲ್ಲಿ, ನನ್ನ ಹಳೆಯ ಪಂಚೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಏಳು ಇವೆ. ಎಂಟನೆಯದರ ಹಿಡಿ ಸಡಿಲವಾಗಿತ್ತು, ನಾನೇ ಇಟ್ಟುಕೊಂಡೆ.

ನಿನ್ನ ಅಜ್ಜ